ಗಾಜಿನಾಚೆಯ ಮೂರನೇ ಬಣ್ಣ

(ಮಕ್ಕಳ ಸಿನಿಮಾ ಬಗ್ಗೆ ನಡೆದ ಒಂದು ಸಂಜೆಯ ಕಾರ್ಯಕ್ರಮದಲ್ಲಿ ಆಡಿದ ಮಾತು. ಮೊದಲು ಚಿತ್ರ ತೋರಿಸಿ ಆಮೇಲೆ ಮಾತಾಡಿದ್ದೆ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಲೈಟ್ ಇನ್ನೊಂದು ನಿಮಿಷ ಬಿಟ್ಟು ಹಾಕಿ, ಪರವಾಗಿಲ್ಲ.

ಈಗ ತಾನೇ ಒಂಬತ್ತು ನಿಮಿಷದ ಚಿತ್ರ ಮುಗಿಯಿತು. ಕೊನೆಯಲ್ಲಿ ಮುಂದಿನ ಸಾಲಿನ ಮಕ್ಕಳೆಲ್ಲ ಜೋರಾಗಿ ನಕ್ಕರು. ಆದರೆ ನಡುವೆ ಒಂದು ಕಡೆ ಹಿಂದಿನ ಸಾಲುಗಳಲ್ಲಿ ಕೂತ ದೊಡ್ಡವರೆಲ್ಲ ಸುಮ್ಮನಾದರು. ಕುರ್ಚಿ ಸರಿಸುವ ಸದ್ದೂ ಇಲ್ಲ. ನಾನು ಈ ಚಿತ್ರವನ್ನು ಎಲ್ಲಿ ತೋರಿಸಿದರೂ ಜನ ಅದೇ ಜಾಗದಲ್ಲಿ ಸುಮ್ಮನಾಗುತ್ತಾರೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಚಿತ್ರದ ಹೆಸರು 'ಸಮ್‌ವೇರ್ ಇನ್ ಡ್ರೀಮ್‌ಲ್ಯಾಂಡ್'. ಕನಸಿನ ನಾಡಿನಲ್ಲಿ ಎಲ್ಲೋ ಒಂದು ಕಡೆ ಅಂತ ಅರ್ಥ. ಅಮೆರಿಕದಲ್ಲಿ 1936ರ ಜನವರಿ 17ರಂದು ಬಿಡುಗಡೆಯಾಯಿತು. ಮಾಡಿದ್ದು ನ್ಯೂಯಾರ್ಕಿನ ಫ್ಲೈಶರ್ ಸ್ಟುಡಿಯೋ, ಥಿಯೇಟರುಗಳಿಗೆ ತಲುಪಿಸಿದ್ದು ಪ್ಯಾರಾಮೌಂಟ್. ತಡವಾಗಿ ಬಂದವರಿಗೆ ಕಥೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಚಳಿಗಾಲ. ಅಣ್ಣ ತಂಗಿ ಇಬ್ಬರು, ತೇಪೆ ಹಾಕಿದ ಬಟ್ಟೆ, ಒಂದು ಪುಟ್ಟ ಗಾಡಿ. ಬೀದಿಯಲ್ಲಿ ಸೌದೆ ಆಯುತ್ತಾ ಬರುತ್ತಾರೆ. ದಾರಿಯಲ್ಲಿ ಬೇಕರಿ. ಗಾಜಿನಾಚೆ ಕೇಕು, ಬನ್ನು. ನಿಂತು ನೋಡುತ್ತಾರೆ. ಆಮೇಲೆ ಮನೆಗೆ ಹೋಗುತ್ತಾರೆ. ಅಮ್ಮ ಕೊಡುವುದು ಒಣಗಿದ ಬ್ರೆಡ್ಡು. ತಿಂದು ಮಲಗುತ್ತಾರೆ. ಕನಸಿನಲ್ಲಿ ಐಸ್‌ಕ್ರೀಂ, ಮಿಠಾಯಿ, ಆಟಿಕೆಗಳದ್ದೇ ಒಂದು ನಾಡು. ಬೆಳಿಗ್ಗೆ ಎದ್ದರೆ ಆ ಬೀದಿಯ ಅಂಗಡಿಯವರು ಊಟ, ಬಟ್ಟೆ, ಆಟಿಕೆ ಎಲ್ಲ ತಂದು ಮನೆ ತುಂಬಿಸಿರುತ್ತಾರೆ. ಇದು ಇನ್ನೂ ಕನಸೇ ಇರಬೇಕು ಅಂದುಕೊಂಡ ಹುಡುಗ ಫೋರ್ಕ್ ತಗೊಂಡು ತನ್ನ ಹಿಂಬದಿಗೇ ಚುಚ್ಚಿಕೊಂಡು ನೋಡುತ್ತಾನೆ. ಮಕ್ಕಳು ನಕ್ಕಿದ್ದು ಅಲ್ಲಿ.

ದೊಡ್ಡವರು ಸುಮ್ಮನಾದದ್ದು ಊಟದ ಮೇಜಿನ ಹತ್ತಿರ. ಬ್ರೆಡ್ಡು ಮುಗಿಯುತ್ತದೆ. ಹುಡುಗ ಏನೂ ಯೋಚನೆ ಮಾಡದೆ, ಅಮ್ಮಾ ಇನ್ನೂ ಹಸಿವು ಅನ್ನುತ್ತಾನೆ. ಅಮ್ಮ ಅತ್ತುಬಿಡುತ್ತಾಳೆ. ತಕ್ಷಣ ಹುಡುಗನಿಗೆ ತಾನು ಏನು ಅಂದೆ ಅಂತ ಹೊಳೆಯುತ್ತದೆ. ಇಲ್ಲಮ್ಮ, ಸುಮ್ನೆ ತಮಾಷೆಗೆ ಅಂದೆ ಅನ್ನುತ್ತಾನೆ.

ಇಷ್ಟೇ. ಕೆಲವೇ ಸೆಕೆಂಡು. ಇದರಲ್ಲಿ ಹಸಿವು ದೊಡ್ಡದಲ್ಲ ನೋಡಿ. ಹಸಿದ ಮಗುವೇ ಅಮ್ಮನಿಗೆ ಸಮಾಧಾನ ಹೇಳುವುದು ದೊಡ್ಡದು. ಸುಳ್ಳು ಹೇಳಿ ಅಮ್ಮನನ್ನು ಕಾಪಾಡುತ್ತದೆ. ಬಡತನ ಕಂಡ ಮನೆಗಳಲ್ಲಿ ಮಕ್ಕಳು ಈ ವಿದ್ಯೆಯನ್ನು ಬಹಳ ಬೇಗ ಕಲಿತುಬಿಡುತ್ತಾರೆ. "ನಂಗೆ ಅದು ಇಷ್ಟ ಇಲ್ಲ ಬಿಡಮ್ಮ" ಅಂತ ಜಾತ್ರೆಯಲ್ಲಿ ಹೇಳಿದ ಮಗು ನಿಮ್ಮಲ್ಲೂ ಕೆಲವರು ಆಗಿರಬಹುದು. ಕಾರ್ಟೂನ್ ಅಂದರೆ ಬರೀ ಓಡುವುದು, ಬೀಳುವುದು, ನಗಿಸುವುದು ಅಂದುಕೊಂಡಿದ್ದ ಕಾಲದಲ್ಲಿ ಯಾರೋ ಕೂತು ಈ ಮುಖಭಾವವನ್ನು ಬರೆದಿದ್ದಾರೆ. ನಿರ್ದೇಶಕ ಅಂತ ಹೆಸರು ಇರುವುದು ಡೇವ್ ಫ್ಲೈಶರ್ ಅವರದು. ಆನಿಮೇಷನ್ ಹೆಸರುಗಳಲ್ಲಿ ಇರುವವರು ಸೇಮರ್ ನೈಟಲ್ ಮತ್ತು ರೋಲಂಡ್ ಕ್ರ್ಯಾಂಡಲ್. ಈ ಎರಡು ಹೆಸರು ನೆನಪಿಟ್ಟುಕೊಳ್ಳಿ ಅಂತ ನನ್ನ ಆಸೆ.

ಬೇಕರಿ ಗಾಜಿನ ವಿಷಯ ಬಂತಲ್ಲ, ಒಂದು ಮಾತು ಹೇಳಲೇಬೇಕು. ನಾನು ಹಾಸನ ಕಡೆಯವನು. ನಮ್ಮ ಕಡೆ ಅಯ್ಯಂಗಾರ್ ಬೇಕರಿ ಇಲ್ಲದ ಬೀದಿ ಇಲ್ಲ. ಬಸ್ ಸ್ಟ್ಯಾಂಡ್ ಪಕ್ಕದ ಬೇಕರಿಯ ಗಾಜಿನ ಪೆಟ್ಟಿಗೆಯಲ್ಲಿ ಮೇಲಿನ ಸಾಲು ದಿಲ್‌ಪಸಂದ್, ಕೆಳಗೆ ಬೆಣ್ಣೆ ಬಿಸ್ಕತ್ತು, ಖಾರಾ ಬನ್ನು. ನನ್ನ ಕಣ್ಣಿನ ಮಟ್ಟಕ್ಕೆ ಸರಿಯಾಗಿ ದಿಲ್‌ಪಸಂದ್ ಬರುವಷ್ಟು ಎತ್ತರ ಇದ್ದೆ ಆಗ. ಅಕ್ಕ ಕೈ ಹಿಡಿದು ಎಳೆಯುತ್ತಿದ್ದಳು, "ಮೂಗು ಒತ್ತಬೇಡ್ವೋ, ಗಾಜಲ್ಲಿ ಗುರುತು ಬೀಳುತ್ತೆ" ಅಂತ. ಹೊರಟ ಮೇಲೆ ತಿರುಗಿ ನೋಡಿದರೆ ನನ್ನ ಮೂಗಿನ ಗುರುತು ಗಾಜಿನ ಮೇಲೆ ಇನ್ನೂ ಇರುತ್ತಿತ್ತು. ಸುತ್ತ ಉಸಿರಿನ ಮಂಜು. ಈ ಚಿತ್ರ ಮೊದಲ ಸಲ ನೋಡಿದಾಗ ನನಗೆ ನೆನಪಾದದ್ದು ಆ ಗುರುತು. ಅದಕ್ಕೇ ಈ ಚಿತ್ರದ ಬೆನ್ನು ಹತ್ತಿದೆ. ಆಗ ಗೊತ್ತಾಯಿತು, ಇದನ್ನು ಮಾಡಿದವರೇ ಎರಡು ವರ್ಷ ಒಂದು ಗಾಜಿನ ಆಚೆ ನಿಂತು ಕಾದಿದ್ದರು ಅಂತ.

ಅವರು ಕಾದದ್ದು ಬಣ್ಣಕ್ಕೆ.

ಸಿನಿಮಾದಲ್ಲಿ ಬಣ್ಣ ಅಂದರೆ ಆ ಕಾಲದಲ್ಲಿ ಟೆಕ್ನಿಕಲರ್ ಕಂಪನಿ. ಮೊದಮೊದಲು ಅವರ ಹತ್ತಿರ ಇದ್ದದ್ದು ಎರಡು ಬಣ್ಣದ ಪದ್ಧತಿ. ಒಂದು ಕೆಂಪಿನ ಕಡೆಯದು, ಇನ್ನೊಂದು ಹಸಿರಿನ ಕಡೆಯದು. ಇವೆರಡನ್ನೇ ಬೆರೆಸಿ ಎಲ್ಲ ತೋರಿಸಬೇಕು. ಮುಖದ ಬಣ್ಣ ಬರುತ್ತಿತ್ತು, ಇಟ್ಟಿಗೆ ಗೋಡೆ ಬರುತ್ತಿತ್ತು. ಆದರೆ ಒಳ್ಳೆ ನೀಲಿ ಆಕಾಶ ಬರುತ್ತಿರಲಿಲ್ಲ. ನಿಂಬೆಹಣ್ಣಿನ ಹಳದಿ ಬರುತ್ತಿರಲಿಲ್ಲ. ನೇರಳೆ ಅಂತೂ ದೂರದ ಮಾತು. 1932ರ ಹೊತ್ತಿಗೆ ಟೆಕ್ನಿಕಲರ್‌ನವರು ಮೂರು ಬಣ್ಣದ ಪದ್ಧತಿ ತಯಾರು ಮಾಡಿದರು. ಕೆಂಪು, ಹಸಿರು, ನೀಲಿ. ಈಗ ಯಾವ ಬಣ್ಣ ಬೇಕಾದರೂ ತರಬಹುದು. ಮೊದಲು ಬಳಸಿದ್ದು ವಾಲ್ಟ್ ಡಿಸ್ನಿ. ಆ ವರ್ಷ ಜುಲೈನಲ್ಲಿ ಬಂದ ಅವರ 'ಫ್ಲವರ್ಸ್ ಆಂಡ್ ಟ್ರೀಸ್' ಚಿತ್ರಕ್ಕೆ, ಕಾರ್ಟೂನ್‌ಗಳಿಗೆ ಅಂತ ಕೊಟ್ಟ ಮೊಟ್ಟಮೊದಲ ಆಸ್ಕರ್ ಸಿಕ್ಕಿತು. ಡಿಸ್ನಿ ಜಾಣರು. ಕಾರ್ಟೂನ್‌ಗೆ ಈ ಮೂರು ಬಣ್ಣ ಸದ್ಯಕ್ಕೆ ನಮಗೆ ಮಾತ್ರ ಅಂತ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡರು. 1935 ಮುಗಿಯುವ ತನಕ ಬೇರೆ ಕಾರ್ಟೂನ್ ಸ್ಟುಡಿಯೋಗಳಿಗೆ ಆ ಬಾಗಿಲು ಮುಚ್ಚಿತ್ತು.

ಫ್ಲೈಶರ್‌ನವರೇನು ಸಣ್ಣವರಲ್ಲ. ಬೆಟ್ಟಿ ಬೂಪ್ ಅನ್ನುವ ಹೆಸರುವಾಸಿ ಕಾರ್ಟೂನ್ ಹುಡುಗಿ ಅವರದ್ದು. ಪಾಪೈ ಅನ್ನುವ ನಾವಿಕನನ್ನು ಪತ್ರಿಕೆಯ ಕಾಮಿಕ್ಸ್‌ನಿಂದ ತೆರೆಗೆ ತಂದವರು ಅವರೇ. 1934ರಲ್ಲಿ 'ಕಲರ್ ಕ್ಲಾಸಿಕ್ಸ್' ಅಂತ ಬಣ್ಣದ ಸರಣಿ ಶುರು ಮಾಡಿದರು. ಮೊದಲ ಚಿತ್ರ 'ಪೂರ್ ಸಿಂಡರೆಲ್ಲಾ'. ಅದರಲ್ಲಿ ಬೆಟ್ಟಿ ಬೂಪ್‌ನ ಕೂದಲು ಕೆಂಪು! ಸಿನಿಕಲರ್ ಅನ್ನುವ ಎರಡು ಬಣ್ಣದ ಪದ್ಧತಿಯಲ್ಲಿ ಮಾಡಿದ್ದು, ಅದರಲ್ಲಿ ಚೆನ್ನಾಗಿ ಮೂಡುತ್ತಿದ್ದದ್ದು ಕೆಂಪು, ಕಿತ್ತಳೆ. ಇರುವ ಬಣ್ಣದಲ್ಲೇ ಹಬ್ಬ ಮಾಡಿದರು. ಅದಾದ ಮೇಲೂ 1935 ಪೂರ್ತಿ ಎರಡು ಬಣ್ಣದಲ್ಲೇ ಕೆಲಸ. ಪಕ್ಕದ ಅಂಗಡಿಯಲ್ಲಿ ಮೂರೂ ಬಣ್ಣ ಕಾಣುತ್ತಿದೆ, ಕೈ ಹಾಕುವ ಹಾಗಿಲ್ಲ.

1936 ಬಂತು. ಒಪ್ಪಂದ ಮುಗಿಯಿತು. ಫ್ಲೈಶರ್‌ನವರು ಮೂರು ಬಣ್ಣದಲ್ಲಿ ಹೊರತಂದ ಮೊದಲ ಕಲರ್ ಕ್ಲಾಸಿಕ್ ಯಾವುದು ಗೊತ್ತಾ? ಇದೇ. ಈಗ ನೀವು ನೋಡಿದ್ದು. ಬೇಕರಿ ಗಾಜಿನ ಮುಂದೆ ನಿಂತ ಮಕ್ಕಳ ಕಥೆ.

ಬೇಕೆಂದೇ ಈ ಕಥೆ ಆರಿಸಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಬಣ್ಣವನ್ನು ಹೇಗೆ ಖರ್ಚು ಮಾಡಿದ್ದಾರೆ ನೋಡಿ. ಮೊದಲ ಅರ್ಧದಲ್ಲಿ ಬೀದಿ, ಮನೆ, ಮೇಜು, ಹೊದಿಕೆ ಎಲ್ಲ ಮಂಕು. ಕಂದು, ಬೂದು, ಸವೆದ ಬಟ್ಟೆಯ ಬಣ್ಣ. ಇಷ್ಟು ದಿನ ಕಾದು ಸಿಕ್ಕ ಬಣ್ಣವನ್ನು ಮೊದಲ ಚಿತ್ರದಲ್ಲೇ, ಅದೂ ಮೊದಲ ಅರ್ಧದಲ್ಲಿ, ಯಾರಾದರೂ ಹೀಗೆ ಬಿಗಿಹಿಡಿಯುತ್ತಾರಾ? ಇವರು ಹಿಡಿದರು. ಮಕ್ಕಳು ಕಣ್ಣು ಮುಚ್ಚಿದ ಮೇಲೆ ಒಮ್ಮೆಗೇ ಬಿಟ್ಟರು. ಹಸಿದ ಮಗುವಿನ ಕನಸಿಗೆ ಮಾತ್ರ ಪೂರ್ತಿ ಬಣ್ಣ. ನನಗೆ ಈ ಚಿತ್ರದಲ್ಲಿ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು ಈ ತಾಳ್ಮೆ.

ಕನಸಿನ ನಾಡಿಗೆ ಮಕ್ಕಳು ನಡೆದು ಹೋಗುವಾಗ ಹಿಂದಿನ ದೃಶ್ಯ ನಿಜವಾದ ವಸ್ತುಗಳ ಹಾಗೆ ಕಂಡಿತು ಅಲ್ವಾ? ಮುಂದಿನ ಸಾಲಿನಿಂದ ಒಬ್ಬಳು ಹುಡುಗಿ "ಅದು ಬೊಂಬೆ ಮನೆ" ಅಂತ ಕೂಗಿದಳು. ಸರಿಯಾಗಿ ಹೇಳಿದಳು. ಅದು ಬೊಂಬೆ ಮನೆಯೇ. ಡೇವ್ ಅವರ ಅಣ್ಣ ಮ್ಯಾಕ್ಸ್ ಫ್ಲೈಶರ್ ಕಂಡುಹಿಡಿದ ಉಪಾಯ. 1933ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು, 1936ರಲ್ಲಿ ಸಿಕ್ಕಿತು. ತಿರುಗುವ ದೊಡ್ಡ ಮೇಜು. ಅದರ ಮೇಲೆ ನಿಜವಾಗಿ ಕಟ್ಟಿದ ಪುಟ್ಟ ಬೀದಿ, ಗುಡ್ಡ, ಮರ. ಅದರ ಮುಂದೆ ಗಾಜಿನ ಚೌಕಟ್ಟು. ಪಾತ್ರಗಳನ್ನು ಬರೆದ ಪಾರದರ್ಶಕ ಹಾಳೆಯನ್ನು ಆ ಗಾಜಿನ ನಡುವೆ ನಿಲ್ಲಿಸುತ್ತಾರೆ. ಎದುರಿಗೆ ಕ್ಯಾಮೆರಾ. ಒಂದು ಫ್ರೇಮ್ ತೆಗೆ, ಹಾಳೆ ಬದಲಾಯಿಸು, ಮೇಜನ್ನು ಕೂದಲೆಳೆಯಷ್ಟು ತಿರುಗಿಸು, ಮತ್ತೆ ತೆಗೆ. ಹತ್ತಿರದ ಮರ ಬೇಗ ಸರಿಯುತ್ತದೆ, ದೂರದ ಗುಡ್ಡ ನಿಧಾನವಾಗಿ ಸರಿಯುತ್ತದೆ. ಬಸ್ಸಿನ ಕಿಟಕಿಯಿಂದ ನೋಡಿದ ಹಾಗೆ. ಡಿಸ್ನಿಯವರ ಹೆಸರುವಾಸಿಯಾದ ಮಲ್ಟಿಪ್ಲೇನ್ ಕ್ಯಾಮೆರಾ ತೆರೆ ಮೇಲೆ ಬಂದದ್ದು ಇದಾದ ಮೇಲೆ, 1937ರಲ್ಲಿ. ಅದು ಗಾಜಿನ ಮೇಲೆ ಬರೆದ ಚಿತ್ರಗಳನ್ನು ಒಂದರ ಕೆಳಗೊಂದು ಇಟ್ಟು ಮೇಲಿನಿಂದ ತೆಗೆಯುವುದು. ಮ್ಯಾಕ್ಸ್ ಅವರದ್ದು ಬಡಗಿ ಕೆಲಸ. ಮರ, ರಟ್ಟು, ಅಂಟು. ದಸರಾ ಬೊಂಬೆ ಕೂರಿಸಿ ಬೆಳೆದ ನಮಗೆ ಇದು ಪಟ್ಟನೆ ಅರ್ಥವಾಗುತ್ತದೆ.

ಮ್ಯಾಕ್ಸ್ ಬಗ್ಗೆ ಒಂದೇ ಒಂದು ಸಂಗತಿ ಹೇಳಿ ಮುಂದೆ ಹೋಗುತ್ತೇನೆ. ಹುಟ್ಟಿದ್ದು 1883ರಲ್ಲಿ, ಇವತ್ತಿನ ಪೋಲೆಂಡ್‌ನ ಕ್ರಾಕೋವ್‌ನಲ್ಲಿ. ಚಿಕ್ಕ ವಯಸ್ಸಿನಲ್ಲೇ ಮನೆಯವರು ಅಮೆರಿಕಕ್ಕೆ ಬಂದರು. ಅಪ್ಪ ಬಟ್ಟೆ ಹೊಲಿಯುವವರು. ತೇಪೆ ಹಾಕಿದ ಅಂಗಿಯನ್ನು ಇಷ್ಟು ಅಕ್ಕರೆಯಿಂದ ತೋರಿಸಿದ ಮನೆ ಅದು.

ಈಗ ಲೆಕ್ಕ ನೋಡಿ. ಸೆಕೆಂಡಿಗೆ 24 ಫ್ರೇಮ್. ಒಂಬತ್ತು ನಿಮಿಷ ಅಂದರೆ ಸುಮಾರು 13 ಸಾವಿರ ಫ್ರೇಮ್. ಟೆಕ್ನಿಕಲರ್‌ನಲ್ಲಿ ಕಾರ್ಟೂನ್ ತೆಗೆಯುವಾಗ ಪ್ರತಿ ಫ್ರೇಮನ್ನೂ ಮೂರು ಸಲ ತೆಗೆಯುತ್ತಿದ್ದರು. ಕ್ಯಾಮೆರಾ ಒಳಗೆ ಇದ್ದದ್ದು ಕಪ್ಪು ಬಿಳುಪು ಫಿಲಂ. ಕೆಂಪು ಗಾಜಿನ ಮೂಲಕ ಒಂದು, ಹಸಿರು ಗಾಜಿನ ಮೂಲಕ ಒಂದು, ನೀಲಿ ಗಾಜಿನ ಮೂಲಕ ಒಂದು. ಹತ್ತಿರ ಹತ್ತಿರ 39 ಸಾವಿರ ಸಲ ಕ್ಯಾಮೆರಾ ಕಟಕ್ ಅನ್ನಬೇಕು. ಆಮೇಲೆ ಆ ಮೂರನ್ನೂ ಬೇರೆ ಬೇರೆ ಅಚ್ಚು ಮಾಡಿ, ಒಂದೊಂದಕ್ಕೆ ಒಂದೊಂದು ಬಣ್ಣ ಹಚ್ಚಿ, ಒಂದೇ ಫಿಲಂ ಮೇಲೆ ಒಂದಾದ ಮೇಲೆ ಒಂದು ಒತ್ತುತ್ತಿದ್ದರು. ಸೀರೆಗೆ ಅಚ್ಚು ಹಾಕುತ್ತಾರಲ್ಲ, ಹಾಗೇ. ಅಚ್ಚು ಕೂದಲೆಳೆಯಷ್ಟು ಪಕ್ಕಕ್ಕೆ ಸರಿದರೂ ಅಂಚು ಮಸುಕು.

ಹೀಗೆ ಒತ್ತಿದ ಬಣ್ಣ ಬಹಳ ಗಟ್ಟಿ. ಎಷ್ಟೋ ದಶಕ ಕಳೆದರೂ ಮಾಸುವುದಿಲ್ಲ. ಆದರೆ 1950ರ ದಶಕದಲ್ಲಿ ಅಗ್ಗದ ಬಣ್ಣದ ಫಿಲಂ ಬಂತು. ಹಳೆ ಚಿತ್ರಗಳನ್ನು ಅದರ ಮೇಲೆ ಕಾಪಿ ಮಾಡಿ ಎಲ್ಲ ಕಡೆ ಹಂಚಿದರು. ಆ ಫಿಲಂನಲ್ಲಿ ಮೊದಲು ಹೋಗುವುದು ನೀಲಿ, ಹಸಿರು. ಕೊನೆಗೆ ಉಳಿಯುವುದು ಕೆಂಪು. ಈಗ ಪರದೆ ಮೇಲೆ ಎರಡು ಚಿತ್ರ ಪಕ್ಕಪಕ್ಕ ಹಾಕಿದ್ದೇನೆ, ನೋಡಿ. ಎರಡೂ ಒಂದೇ ದೃಶ್ಯ. ಎಡಗಡೆಯದು ಮಾಸಿದ ಕಾಪಿಯಿಂದ ಬಂದದ್ದು. ಐಸ್‌ಕ್ರೀಂ ಕೂಡ ಇಟ್ಟಿಗೆ ಪುಡಿ ಚೆಲ್ಲಿದ ಹಾಗೆ ಕಾಣುತ್ತಿದೆ. ಬಲಗಡೆಯದು ಒಳ್ಳೆ ಕಾಪಿಯಿಂದ ತಂದದ್ದು. ಹುಡುಗಿಯ ಹಿಂದೆ ಆಕಾಶ ನೋಡಿ. ಆ ನೀಲಿಗೇ ಅವರು ಕಾದದ್ದು. ಮಾಸಿದ ಕಾಪಿ ಮಾತ್ರ ನೋಡಿದವರಿಗೆ ಈ ಚಿತ್ರದ ಅರ್ಧ ಕಥೆ ಸಿಗುವುದೇ ಇಲ್ಲ, ಯಾಕೆಂದರೆ ಬಡತನಕ್ಕೂ ಕನಸಿಗೂ ಅದರಲ್ಲಿ ಒಂದೇ ಬಣ್ಣ.

ಇಷ್ಟೊಂದು ಕಾಪಿ ಎಲ್ಲಿಂದ ಬಂತು? ಯಾರು ಬೇಕಾದರೂ ಇದನ್ನು ಕಾಪಿ ಮಾಡಬಹುದು ಅಂತ ಆದದ್ದು ಹೇಗೆ? ಇದು ಕಾನೂನಿನ ಮಾತು, ಆದರೆ ಸುಲಭ.

ಆಗಿನ ಅಮೆರಿಕದ ಕಾನೂನಿನಲ್ಲಿ ಕಾಪಿ ಮಾಡುವ ಹಕ್ಕು, ಅಂದರೆ ಕಾಪಿರೈಟ್, ಮೊದಲು 28 ವರ್ಷಕ್ಕೆ. ಮುಗಿಯುವ ಹೊತ್ತಿಗೆ ಮಾಲೀಕರು ಅರ್ಜಿ ಹಾಕಿ ನವೀಕರಿಸಬೇಕು. ಹಾಕದಿದ್ದರೆ ಕೃತಿ ಎಲ್ಲರದ್ದೂ ಆಗುತ್ತದೆ. 1936ರ ಚಿತ್ರಕ್ಕೆ 28 ಕೂಡಿಸಿ, 1964. ಅಷ್ಟರಲ್ಲಿ ಈ ಚಿತ್ರ ಕೈಯಿಂದ ಕೈಗೆ ಹೋಗಿತ್ತು. 1950ರ ದಶಕದ ನಡುವೆ ಪ್ಯಾರಾಮೌಂಟ್ ತನ್ನ ಹಳೆ ಕಾರ್ಟೂನ್‌ಗಳ ಗಂಟನ್ನು ಟಿವಿಗೆ ಚಿತ್ರ ಹಂಚುವ ಕಂಪನಿಗೆ ಮಾರಿತು. ಅಲ್ಲಿಂದ ಇನ್ನೊಂದು ಕಂಪನಿಗೆ ಹೋಯಿತು. ಹಳೆ ಕಾಪಿಗಳಲ್ಲಿ ಶುರುವಿನ ಹೆಸರುಪಟ್ಟಿ ಬೇರೆ ಥರ ಇರುವುದು ಅದಕ್ಕೇ. ಪ್ಯಾರಾಮೌಂಟ್ ಗುರುತು ತೆಗೆದು ಹೊಸ ಮಾಲೀಕರು ತಮ್ಮ ಹೆಸರು ಹಾಕಿಸಿದ್ದರು. 1964 ಬಂದು ಹೋಯಿತು. ನವೀಕರಣ ಆಗಲಿಲ್ಲ. ಆಗಿದ್ದಿದ್ದರೆ ಈಗಿನ ಲೆಕ್ಕದಲ್ಲಿ 95 ವರ್ಷ. 2031 ಮುಗಿಯುವ ತನಕ ಕಾಯಬೇಕಿತ್ತು. ನಮ್ಮ ದೇಶದ ಕಾನೂನಿನಲ್ಲಿ ಸಿನಿಮಾಗೆ ಪ್ರಕಟವಾದ ಮೇಲೆ 60 ವರ್ಷ. ಆ ಲೆಕ್ಕವೂ ಮುಗಿದು ಬಹಳ ದಿನ ಆಯಿತು. ಒಂದು ಎಚ್ಚರ ಮಾತ್ರ: ಈಗ ಯಾರಾದರೂ ಇದಕ್ಕೆ ಹೊಸ ಸಂಗೀತ ಸೇರಿಸಿದರೆ ಆ ಹೊಸ ಭಾಗ ಅವರದ್ದೇ. ಹಳೆ ಚಿತ್ರ ನಮ್ಮೆಲ್ಲರದ್ದು.

ಮಾಲೀಕರ ಅಲಕ್ಷ್ಯದಿಂದ ಹೀಗಾಯಿತು ಅಂತ ಕೆಲವರು ಬೇಸರ ಪಡುತ್ತಾರೆ. ಕೆಟ್ಟ ಕಾಪಿಗಳು ತುಂಬಿಹೋದವು ಅನ್ನುವುದು ನಿಜ. ಆದರೆ ನಾನು ಇನ್ನೊಂದು ಕಡೆಯಿಂದ ನೋಡುತ್ತೇನೆ. ನಮ್ಮ ಮೊದಲ ಕನ್ನಡ ಮಾತಿನ ಚಿತ್ರ 'ಸತಿ ಸುಲೋಚನಾ' ಬಂದದ್ದು 1934ರಲ್ಲಿ. ಈ ಕಾರ್ಟೂನ್‌ಗಿಂತ ಎರಡೇ ವರ್ಷ ಮೊದಲು. ಅದರ ಒಂದು ಪ್ರಿಂಟೂ ಇವತ್ತು ಉಳಿದಿಲ್ಲ. ಯಾವ ಮನೆಯ ಅಟ್ಟದಲ್ಲೂ ಇಲ್ಲ, ಯಾವ ಸಂಗ್ರಹದಲ್ಲೂ ಇಲ್ಲ. ನಮ್ಮ ಅಜ್ಜ ಅಜ್ಜಿಯರು ಟಿಕೆಟ್ ತಗೊಂಡು ನೋಡಿದ ಸಿನಿಮಾವನ್ನು ನಾವು ಇನ್ನು ಎಂದೂ ನೋಡಲಾರೆವು. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಹೊಟ್ಟೆ ಉರಿಯುತ್ತದೆ. ಕೆಟ್ಟದೋ ಒಳ್ಳೆಯದೋ, ಮಾಸಿದ್ದೋ ಹರಿದದ್ದೋ, ಯಾರೋ ಹತ್ತು ಜನ ಕಾಪಿ ಮಾಡಿಟ್ಟುಕೊಂಡಿದ್ದರೆ ಒಂದಾದರೂ ಸಿಗುತ್ತಿತ್ತು. ಈ ಅಣ್ಣ ತಂಗಿಯ ಚಿತ್ರ ಅಷ್ಟು ಜನರ ಕೈಯಲ್ಲಿ ಇತ್ತು. ಒಂದು ಕಡೆ ಹಾಳಾದರೆ ಇನ್ನೊಂದು ಕಡೆ ಇತ್ತು.

ಒಬ್ಬರು ಚೀಟಿ ಬರೆದು ಕಳಿಸಿದ್ದಾರೆ. ಓದುತ್ತೇನೆ. "ಅಂಗಡಿಯವರು ದಾನ ಮಾಡಿದರೆ ಬಡತನ ಹೋಗುತ್ತಾ? ಇದು ಸಿಹಿ ಸುಳ್ಳು ಅಲ್ಲವೇ?" ಒಳ್ಳೆ ಪ್ರಶ್ನೆ. ಆ ಕಾಲದ ಅಮೆರಿಕ ನೆನಪಿಸಿಕೊಳ್ಳಿ. 1929ರಲ್ಲಿ ಷೇರು ಮಾರುಕಟ್ಟೆ ಕುಸಿದು, 1933ರ ಹೊತ್ತಿಗೆ ದುಡಿಯುವವರಲ್ಲಿ ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಬ್ರೆಡ್ಡಿಗಾಗಿ ಸಾಲು ನಿಲ್ಲುತ್ತಿದ್ದರು. ಒಂದು ಬೀದಿಯ ಬೇಕರಿಯಿಂದ ಅದು ಸರಿಹೋಗುವ ಮಾತಲ್ಲ, ನಿಜ. ಕೊನೆಯ ಭಾಗ ಕಥೆಯನ್ನು ಬೇಗ ಮುಗಿಸಿಬಿಡುತ್ತದೆ ಅಂತ ನನಗೂ ಅನ್ನಿಸುತ್ತದೆ. ಆದರೆ ಊಟದ ಮೇಜಿನ ದೃಶ್ಯ ಸುಳ್ಳಲ್ಲ. ಆ ದೃಶ್ಯ ನೋಡಿದ ಮೇಲೆ, ಎಷ್ಟೇ ಸಿಹಿಯಾದ ಕೊನೆ ಇಟ್ಟರೂ ಅಮ್ಮನ ಅಳು ಅಳಿಸಿಹೋಗುವುದಿಲ್ಲ.

ಇನ್ನೊಂದು ಸಂಗತಿ ಇದೆ. ಈ ಚಿತ್ರ ಬಂದು ಒಂದೂಕಾಲು ವರ್ಷಕ್ಕೆ, 1937ರ ಮೇ ತಿಂಗಳಲ್ಲಿ, ಇದೇ ಸ್ಟುಡಿಯೋದ ಕೆಲಸಗಾರರು ಬೀದಿಗೆ ಇಳಿದರು. ಟೈಮ್ಸ್ ಸ್ಕ್ವೇರ್ ಹತ್ತಿರ ಬ್ರಾಡ್‌ವೇಯಲ್ಲಿದ್ದ ಸ್ಟುಡಿಯೋದ ಮುಂದೆ ಫಲಕ ಹಿಡಿದು ನಿಂತರು. ಲಕ್ಷಾಂತರ ಜನರನ್ನು ನಗಿಸುತ್ತೇವೆ, ಆದರೆ ನಿಜವಾದ ತಮಾಷೆ ನಮ್ಮ ಸಂಬಳ ಅನ್ನುವ ಅರ್ಥದ ಫಲಕವೂ ಅದರಲ್ಲಿತ್ತು. ಅಮೆರಿಕದ ಆನಿಮೇಷನ್ ಲೋಕದ ಮೊದಲ ದೊಡ್ಡ ಮುಷ್ಕರ ಅದು. ಸುಮಾರು ಐದು ತಿಂಗಳು ನಡೆಯಿತು. ಗೆರೆಗೆ ಮಸಿ ಹಚ್ಚುವವರು, ಹಾಳೆಯ ಹಿಂಬದಿಗೆ ಬಣ್ಣ ತುಂಬುವವರು, ಹೆಚ್ಚಾಗಿ ಹೆಣ್ಣುಮಕ್ಕಳು, ಕಡಿಮೆ ಸಂಬಳದಲ್ಲಿ ದಿನವಿಡೀ ಬಗ್ಗಿ ಕೂತು ಮಾಡುವ ಕೆಲಸ. ಅವರ ಹೆಸರು ತೆರೆ ಮೇಲೆ ಇಲ್ಲ. ಚೀಟಿ ಬರೆದವರಿಗೆ ನನ್ನ ಉತ್ತರ ಇದು: ತೇಪೆಯ ಅಂಗಿಗೆ ಬಣ್ಣ ತುಂಬಿದ ಕೈಗಳಿಗೆ ಬಡತನ ಎಷ್ಟು ಹತ್ತಿರ ಇತ್ತು ಅಂತ ಗೊತ್ತಿತ್ತು. ಅಮ್ಮನ ಅಳು ಅಷ್ಟು ನಿಜವಾಗಿ ಬಂದದ್ದು ಅದಕ್ಕೇ ಅಂತ ನಾನು ನಂಬುತ್ತೇನೆ.

ಮುಷ್ಕರ ಆದ ಮೇಲೆ 1938ರಲ್ಲಿ ಸ್ಟುಡಿಯೋ ಮಯಾಮಿಗೆ ಹೋಯಿತು. ಕಲರ್ ಕ್ಲಾಸಿಕ್ಸ್ ಒಟ್ಟು 36 ಚಿತ್ರ ಆಗಿ 1941ಕ್ಕೆ ನಿಂತಿತು. ಅಣ್ಣ ತಮ್ಮಂದಿರ ಕೈಯಿಂದ ಸ್ಟುಡಿಯೋವೂ ಹೋಯಿತು. ಅದು ಬೇರೆಯೇ ದೊಡ್ಡ ಕಥೆ, ಇನ್ನೊಂದು ದಿನ ಮಾತಾಡೋಣ.

ಹೊರಡುವ ಮೊದಲು ಒಂದು ಕೋರಿಕೆ. ಮಕ್ಕಳಿಗೆ ಮನೆಯಲ್ಲಿ ಇದನ್ನು ಇನ್ನೊಂದು ಸಲ ತೋರಿಸುವಾಗ ಮೊಬೈಲ್‌ನಲ್ಲಿ ಬೇಡ, ಆದಷ್ಟು ದೊಡ್ಡ ಪರದೆಯಲ್ಲಿ ತೋರಿಸಿ. ಹುಡುಕುವಾಗ ಕೆಂಪಾದ ಕಾಪಿ ಸಿಕ್ಕರೆ ಬಿಟ್ಟು ಮುಂದೆ ಹೋಗಿ, ನೀಲಿ ಆಕಾಶ ಕಾಣುವ ಕಾಪಿಯೇ ಬೇಕು. ಮಾತಿನ ಭಾಗ ಕಡಿಮೆ, ಕನ್ನಡದಲ್ಲಿ ನೀವೇ ಪಕ್ಕದಲ್ಲಿ ಕೂತು ಹೇಳಬಹುದು. ನಾವು ಒಂದು ಶಾಲೆಯಲ್ಲಿ ಸದ್ದು ನಿಲ್ಲಿಸಿ ಆಡಿಸಿದಾಗ ಮಕ್ಕಳೇ ಮಾತು ಕೊಟ್ಟರು. ಊಟದ ಮೇಜಿನ ಹತ್ತಿರ ಬಂದಾಗ ಮೂರನೇ ಕ್ಲಾಸಿನ ಹುಡುಗನೊಬ್ಬ ಅಣ್ಣನ ದನಿಯಲ್ಲಿ ಹೇಳಿದ: "ಅಳಬೇಡಮ್ಮ, ನಂಗೆ ಹೊಟ್ಟೆ ತುಂಬಿದೆ." ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ.

ಮುಂದಿನ ಮೇಜಿನ ಮೇಲೆ ಒಂದು ಪೆನ್‌ಡ್ರೈವ್ ಇಟ್ಟಿದ್ದೇನೆ. ಬಲಗಡೆಯ ಒಳ್ಳೆ ಕಾಪಿ ಅದರಲ್ಲಿದೆ. ಲ್ಯಾಪ್‌ಟಾಪ್ ತಂದವರು ಹಾಕಿಕೊಳ್ಳಿ, ಪಕ್ಕದವರಿಗೂ ಕೊಡಿ. ಯಾರನ್ನೂ ಕೇಳಬೇಕಾಗಿಲ್ಲ. ಈಗ ಲೈಟ್ ಹಾಕಿ.